ತಡವಾದ ಏಳು ದಿನ

ಹೈದರಾಬಾದು
೧೧ ಜುಲೈ ೧೯೮೩

ಪೂಜ್ಯ ಅಪ್ಪಾಜಿಯವರಿಗೆ ಅನ್ನಪೂರ್ಣಳ ನಮಸ್ಕಾರ.

ಅಮ್ಮ ಕೊಟ್ಟು ಕಳಿಸಿದ ಶೇಂಗಾ ಚಟ್ನಿಪುಡಿಯನ್ನು ಹಾಸ್ಟೆಲ್ಲಿನವರು ಹತ್ತೇ ದಿನಕ್ಕೆ ಮುಗಿಸಿದರು. ನನಗೆ ಉಳಿದದ್ದು ಡಬ್ಬಿ ಮಾತ್ರ ಅಂತ ಅಮ್ಮನಿಗೆ ಹೇಳಿ.

ಹೋದ ತಿಂಗಳಿಂದ ನಮ್ಮ ಕೇಂದ್ರದ ಡಿಸ್ಕ್ ಕೋಣೆಯ ಉಸ್ತುವಾರಿ ನನ್ನ ಮೇಲೆ ಬಿದ್ದಿದೆ. ಊರಿಗೆ ಬಂದಾಗ ನೀವು "ಅಲ್ಲಿ ನೀನು ಮಾಡೋದಾದ್ರೂ ಏನವ್ವ" ಅಂತ ಕೇಳಿದಿರಿ, ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ. ಇಲ್ಲಿಯ ವಿಜ್ಞಾನಿಗಳು ಮುಂಗಾರಿನ ಲೆಕ್ಕ ಹಾಕ್ತಾರೆ. ದೇಶದ ಊರೂರಿನ ಎಂಬತ್ತು ವರ್ಷದ ಮಳೆ, ಗಾಳಿ, ಶೆಕೆ ಎಲ್ಲ ನಮ್ಮಲ್ಲಿದೆ. ಚನ್ನಗಿರಿಯದೂ ಇದೆ, ಜಗಳೂರಿನದೂ ಇದೆ. ಅದೆಲ್ಲ ಇರೋದು ಎದೆಮಟ್ಟದ ಆರು ಪೆಟ್ಟಿಗೆಗಳಲ್ಲಿ. ಒಂದೊಂದರ ಒಳಗೂ ಗ್ರಾಮಫೋನ್ ತಟ್ಟೆಯಂಥವು ಒಂದರ ಮೇಲೊಂದು ಗಿರಗಿರ ತಿರುಗ್ತಾ ಇರ್ತವೆ. ಅವೇ ಡಿಸ್ಕು. ತಟ್ಟೆಗಳ ನಡುವೆ ಒಂದು ಕೈ ಹಿಂದಕ್ಕೂ ಮುಂದಕ್ಕೂ ಹೋಗಿ ಬೇಕಾದ ಅಂಕಿ ಓದಿ ತರುತ್ತೆ. ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ಆ ಕೈ ತಂದುಕೊಡೋ ತನಕ ಕಾಯಲೇಬೇಕು.

ತೊಂದರೆ ಇರೋದು ಅಲ್ಲೇ. ಮುಂಗಾರಿನ ಲೆಕ್ಕ ದಿನಕ್ಕೊಂದು ಸಲ, ಬೆಳಿಗ್ಗೆಯೋ ಮಧ್ಯಾಹ್ನವೋ, ಓಡಿಸ್ತೀವಿ. ಅದೇ ಲೆಕ್ಕ, ಅದೇ ಅಂಕಿ, ಅದೇ ಪೆಟ್ಟಿಗೆ. ಸೋಮವಾರ ಐವತ್ತು ನಿಮಿಷಕ್ಕೆ ಮುಗಿದದ್ದು ಬುಧವಾರ ಮೂರು ತಾಸಾದರೂ ಮುಗಿಯೋದಿಲ್ಲ. ವಿಜ್ಞಾನಿಗಳು ಕೂಗಾಡ್ತಾರೆ. ನಿರ್ದೇಶಕರು ನನ್ನನ್ನು ಕರೆದು, ಇದಕ್ಕೆ ಯಾರು ಕಾರಣ ಅಂತ ವರದಿ ಬರೆದುಕೊಡು ಅಂದಿದ್ದಾರೆ.

ನೀವು ಇಪ್ಪತ್ತೈದು ವರ್ಷದಿಂದ ಚನ್ನಗಿರಿ ಸ್ಟ್ಯಾಂಡಿನಲ್ಲಿ ಕೂತು ಬಸ್ಸುಗಳ ಟೈಮು ಬರೆದವರು. ಒಂದೇ ರಸ್ತೆ, ಒಂದೇ ಗಾಡಿ, ಒಂದಿನ ಸರಿಯಾಗಿ ಬಂದು ಇನ್ನೊಂದಿನ ತಡವಾದರೆ ನೀವು ಮೊದಲು ಏನು ನೋಡ್ತೀರಿ?

ನಿಮ್ಮ ಮಗಳು
ಅನ್ನಪೂರ್ಣ


ಚನ್ನಗಿರಿ
೨೪ ಜುಲೈ ೧೯೮೩

ಚಿ. ಅನ್ನಪೂರ್ಣಳಿಗೆ ನಿನ್ನ ತಂದೆ ಜಯದೇವಪ್ಪನ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಪೆಟ್ಟಿಗೆ ತಟ್ಟೆ ನನಗೆ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದ್ರೆ ಕೇಳಿದ್ದಕ್ಕೆ ಉತ್ತರ ಸಲೀಸಾಗಿ ಐತೆ. ಗಾಡಿ ತಡ ಆದ್ರೆ ಮೊದಲು ಡ್ರೈವರ್ ಯಾರು ಅಂತ ನೋಡ್ಬೇಕು. ರಸ್ತೆ ಎದ್ದು ಓಡಾಡೋದಿಲ್ಲ, ಗಡಿಯಾರಕ್ಕೆ ಯಾರ ಮೇಲೂ ಹಗೆ ಇರೋದಿಲ್ಲ.

ನೀನು ಆಗ ಹೈಸ್ಕೂಲಿನಲ್ಲಿದ್ದೆ, ನೆನಪಿರ್ಬೇಕು. ನ್ಯಾಮತಿಯಿಂದ ಹೊನ್ನಾಳಿ, ಬಸವಾಪಟ್ಟಣದ ಮೇಲೆ ನಮ್ಮೂರಿಗೆ ಬರೋ ಬೆಳಗಿನ ಗಾಡಿಗೆ ಸಣ್ಣತಿಮ್ಮಪ್ಪ ಅಂತ ಜಗಳೂರಿನ ಡ್ರೈವರ್ ಇದ್ದ. ದಿನಾ ತಡ. ನಾನು ಏಳು ದಿನದ ಟೈಮು ಒಂದು ಹಾಳೇಲಿ ಬರೆದು, "ಡ್ರೈವರನ ಅಲಕ್ಷ್ಯ" ಅಂತ ಷರಾ ಹಾಕಿ ನಮ್ಮ ಬಸ್ ಕಂಪನಿ ಸಾಹುಕಾರ್ರ ಮೇಜಿನ ಮೇಲೆ ಇಟ್ಟೆ. ಮಾರನೇ ದಿನವೇ ಅವನನ್ನ ಕೆಲಸದಿಂದ ತೆಗೆದ್ರು. ಆಮೇಲೆ ಉಳಿದ ಡ್ರೈವರ್‌ಗಳೆಲ್ಲ ಗಡಿಯಾರ ನೋಡಾಕೆ ಕಲಿತ್ರು.

ನೀನೂ ಹಂಗೇ ಮಾಡು. ಯಾರ ಪಾಳೀಲಿ ತಡ ಆಗ್ತೈತೆ ಅಂತ ಪಟ್ಟಿ ಮಾಡು. ಹೆಸರು ತಾನಾಗೇ ಮೇಲೆ ಬರ್ತದೆ. ದಾಕ್ಷಿಣ್ಯ ನೋಡಬ್ಯಾಡ. ಉಸ್ತುವಾರಿ ಅಂದ್ರೆ ಅಷ್ಟೇ.

ನಿಮ್ಮಮ್ಮ ಡಬ್ಬಿ ವಾಪಸ್ ತಗೊಂಡು ಬಾ ಅಂತಾಳೆ.

ಆಶೀರ್ವಾದಗಳೊಂದಿಗೆ
ಜಯದೇವಪ್ಪ


ಹೈದರಾಬಾದು
೧೯ ಆಗಸ್ಟ್ ೧೯೮೩

ಅಪ್ಪಾಜಿಯವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಪಟ್ಟಿ ಮಾಡಿದೆ. ತಡವಾದದ್ದು ಹನ್ನೊಂದು ದಿನ. ಅದರಲ್ಲಿ ಒಂಬತ್ತು ದಿನ ಒಬ್ಬರದೇ ಪಾಳಿ. ರೇವಣ್ಣ ಅಂತ, ಚಿತ್ತಾಪುರದ ಕಡೆಯವರು. ಇಡೀ ಕೇಂದ್ರದಲ್ಲಿ ನನ್ನ ಹತ್ತಿರ ಕನ್ನಡ ಮಾತಾಡೋರು ಅವರೊಬ್ಬರೇ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಅಕ್ಕಾರ ಅಂತಾರೆ. ಆರು ವರ್ಷದಿಂದ ಹಂಗಾಮಿ ಕೆಲಸ. ಕಾಯಂ ಮಾಡೋ ಕಡತ ಈಗ ನಿರ್ದೇಶಕರ ಮೇಜಿನ ಮೇಲಿದೆ.

ಅವರನ್ನೇ ಕೇಳಿದೆ. "ಅಕ್ಕಾರ, ನಾ ಏನ್ ಮಾಡ್ಲಿ? ಮಧ್ಯಾಹ್ನ ಆತಂದ್ರ ಅದು ಹಂಗೇ ತೆವಳತದ" ಅಂದರು. ಅದು ನೆವ ಅಂದೆ. ಎದ್ದು ಹೋಗಿ, ಆ ದಿನ ಒರೆಸಬೇಕಾಗೇ ಇಲ್ಲದ ಪೆಟ್ಟಿಗೆಗಳನ್ನೆಲ್ಲ ಒರೆಸಿದರು.

ವರದಿ ಬರೆದಾಗಿದೆ. ರೇವಣ್ಣನವರ ಹೆಸರೂ ಬರೆದಾಗಿದೆ. ಸಹಿ ಮಾತ್ರ ಹಾಕಿಲ್ಲ. ಅವರು ಯಾವಾಗಲೂ ಮಧ್ಯಾಹ್ನದ ಪಾಳಿಯಲ್ಲೇ ಇರ್ತಾರೆ, ಹಂಗಾಮಿಯವರಿಗೆ ಆರಿಸಿಕೊಳ್ಳೋ ಹಕ್ಕಿಲ್ಲ. ಅದೊಂದು ಮನಸ್ಸಿಗೆ ಚುಚ್ಚುತ್ತಿದೆ. ನಾಳೆಯಿಂದ ಹದಿನೈದು ದಿನ ಅವರನ್ನು ಬೆಳಗಿನ ಪಾಳಿಗೆ ಹಾಕಿ, ಮಧ್ಯಾಹ್ನ ನಾನೇ ಕೂತು ನೋಡ್ತೀನಿ. ಇದು ದಾಕ್ಷಿಣ್ಯ ಅಲ್ಲ, ಅಪ್ಪಾಜಿ.

ನಿಮ್ಮ
ಅನ್ನಪೂರ್ಣ


ಹೈದರಾಬಾದು
೨೬ ಸೆಪ್ಟೆಂಬರ್ ೧೯೮೩

ಅಪ್ಪಾಜಿಯವರಿಗೆ ನಮಸ್ಕಾರ.

ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ನಡೆದದ್ದು ಹೇಳಿಬಿಡ್ತೀನಿ.

ಮಧ್ಯಾಹ್ನ ನಾನು ಕೂತೆ. ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಅದೇ ಲೆಕ್ಕಕ್ಕೆ ಮೂರು ತಾಸು ಹತ್ತು ನಿಮಿಷ ಹಿಡಿಯಿತು. ಕೂತಿದ್ದು ನಾನು, ರೇವಣ್ಣನವರಲ್ಲ. ಪೆಟ್ಟಿಗೆಯ ಮೇಲೆ ಕೈ ಇಟ್ಟರೆ ಒಳಗೆ ಆ ಓದೋ ಕೈ ಅತ್ತಿಂದಿತ್ತ ಬಡಿದಾಡೋದು ಅಂಗೈಗೇ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಬೇರೆ ಯಾರ್‍ಯಾರ ಕೆಲಸ ಓಡುತ್ತಿದೆ ಅಂತ ತೆಗೆಸಿ ನೋಡಿದೆ. ಉಪಗ್ರಹದ ಚಿತ್ರಗಳ ವಿಭಾಗದವರು ಅದೇ ಪೆಟ್ಟಿಗೆಗೆ ಚಿತ್ರ ತುಂಬುತ್ತಿದ್ದರು. ಅವರ ಚಿತ್ರ ತಟ್ಟೆಯ ಹೊರಗಿನ ಅಂಚಿನಲ್ಲಿ, ನಮ್ಮ ಮಳೆ ಒಳಗಿನ ಅಂಚಿನಲ್ಲಿ. ಇರೋದು ಒಂದೇ ಕೈ. ಅವರಿಗೊಂದು ತುತ್ತು, ನಮಗೊಂದು ತುತ್ತು ಅಂತ ದಿನವೆಲ್ಲ ಓಡಾಡಿದರೆ ಇಬ್ಬರ ಕೆಲಸವೂ ಮುಗಿಯೋದಿಲ್ಲ. ಅವರಿಗೆ ಚಿತ್ರ ಬರೋದು ಮಧ್ಯಾಹ್ನದ ಮೇಲೆ, ಅದೂ ಎಲ್ಲ ದಿನ ಅಲ್ಲ.

ವರದಿ ಹರಿದು ಹಾಕಿದೆ. ನಿರ್ದೇಶಕರ ಹತ್ತಿರ ಹೋಗಿ, ಹನ್ನೊಂದು ದಿನ ನೋಡಿ ಹೇಳೋ ಮಾತಲ್ಲ ಇದು, ಏಪ್ರಿಲ್‌ವರೆಗೂ ದಿನಾ ಬರೆದಿಡ್ತೀನಿ, ಆಮೇಲೆ ವರದಿ ಕೊಡ್ತೀನಿ ಅಂದೆ. "ಸರಿ. ಅಲ್ಲೀವರೆಗೂ ರೇವಣ್ಣನ ಕಡತ ಮುಂದಕ್ಕೆ ಹೋಗೋದಿಲ್ಲ" ಅಂದರು. ಆ ಮಾತನ್ನು ನಾನೇ ರೇವಣ್ಣನವರಿಗೆ ತಿಳಿಸಬೇಕಾಯಿತು. ಮೊದಲು ಅವರ ಹೆಸರು ಬರೆದಿದ್ದೆ ಅನ್ನೋದನ್ನೂ ಹೇಳಿದೆ. ಒಂದು ವಾರ ಅವರು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ಅಪ್ಪಾಜಿ, ಒಂದು ವಿಷಯ ಕೇಳ್ತೀನಿ. ತಪ್ಪು ತಿಳೀಬೇಡಿ. ಆ ಏಳು ದಿನ ಸಣ್ಣತಿಮ್ಮಪ್ಪನವರಿಗೆ ಯಾವ ಗಾಡಿ ಕೊಟ್ಟಿದ್ದಿರಿ? ಅದೇ ಗಾಡಿಯನ್ನು ಬೇರೆಯವರು ಓಡಿಸಿದಾಗ ಟೈಮು ಹೇಗಿತ್ತು?

ನಿಮ್ಮ
ಅನ್ನಪೂರ್ಣ


ಚನ್ನಗಿರಿ
೨೦ ನವೆಂಬರ್ ೧೯೮೩

ಅನ್ನಪೂರ್ಣಿಗೆ ಅಮ್ಮ ಮಾಡೋ ಆಶೀರ್ವಾದ.

ನಾನು ಕಾಗದ ಬರಿಯಾದು ಅಪರೂಪ, ಅಕ್ಷರ ನೋಡಿ ನಗಬ್ಯಾಡ. ದೀಪಾವಳಿಗೂ ನಿಮ್ಮಪ್ಪ ಯಾಕೆ ಬರೀಲಿಲ್ಲ ಅಂತ ಕೇಳಿದ್ಯಲ್ಲ. ಮೈಗೆ ಏನೂ ಆಗಿಲ್ಲ. ಊಟ ಮಾಡ್ತಾರೆ, ಸ್ಟ್ಯಾಂಡಿಗೆ ಹೋಗ್ತಾರೆ, ಬರ್ತಾರೆ. ಮಾತು ಮಾತ್ರ ಇಲ್ಲ.

ನಿನ್ನ ಕಾಗದ ಬಂದ ದಿನ ಓದಿ ಮಡಿಸಿ ಜೇಬಿಗೆ ಹಾಕ್ಕೊಂಡ್ರು. ನನಗೆ ಓದಿ ಹೇಳ್ಲಿಲ್ಲ. "ಮಗಳನ್ನ ಓದಿಸಿದ್ದು ನಮ್ಮನ್ನ ವಿಚಾರಣೆ ಮಾಡಾಕೇನು" ಅಂತ ಒಂದಿನ ಸಿಟ್ಟು ಮಾಡಿದ್ರು. ಒಂದು ತಿಂಗಳು ಬಿಟ್ಟು ಅಟ್ಟದ ಮೇಲಿನ ಟ್ರಂಕು ಇಳಿಸಿದ್ರು. ಅದರಾಗೆ ಅವರ ಹಳೇ ಡೈರಿ ಅವೆ. ಈಗ ಭಾನುವಾರ ಬಂದ್ರೆ ಜಗಲಿ ಮೇಲೆ ಅವನ್ನ ಹರವಿಕೊಂಡು ಕೂರ್ತಾರೆ. ನೆಂಟರು ಬಂದ್ರೂ ಏಳೋದಿಲ್ಲ. ಮೊನ್ನೆ ನಾನು, ಏನ್ ಹುಡುಕ್ತೀರಿ ಅಂದ್ರೆ, "ಹುಡುಕ್ತಾ ಇಲ್ಲ ಸರ್ವಮಂಗಳಾ, ಸಿಕ್ಕೈತೆ" ಅಂದ್ರು.

ನೀನು ಅವರಿಗೆ ಏನು ಬರ್ದೆ? ನನಗೆ ಹೇಳೋದಾದ್ರೆ ಹೇಳು, ಬ್ಯಾಡಂದ್ರೆ ಬಿಡು. ಸಂಕ್ರಾಂತಿಗೆ ಬರಾಕೆ ಆಗ್ತದಾ?

ಸರ್ವಮಂಗಳಮ್ಮ


ಚನ್ನಗಿರಿ
೧೫ ಜನವರಿ ೧೯೮೪

ಚಿ. ಅನ್ನಪೂರ್ಣಳಿಗೆ ಆಶೀರ್ವಾದ.

ಹಬ್ಬಕ್ಕೆ ನೀನು ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಬರ್ದಿದ್ದೆ. ಬಂದಿದ್ರೆ ಇದನ್ನ ಎದುರಿಗೆ ಕೂತು ಹೇಳಾಕೆ ನನ್ನಿಂದ ಆಗ್ತಿರಲಿಲ್ಲ. ಅದಕ್ಕೆ ಬರಿತಾ ಇದೀನಿ.

ನೀನು ಕೇಳಿದ್ದು ಎರಡು ಪ್ರಶ್ನೆ. ಉತ್ತರಕ್ಕೆ ನನಗೆ ಮೂರೂವರೆ ತಿಂಗಳು ಬೇಕಾತು. ಕೆಲಸ ದೊಡ್ಡದಂತಲ್ಲ, ನಾಲ್ಕು ಭಾನುವಾರದ ಕೆಲಸ. ಉಳಿದ ದಿನ ಟ್ರಂಕು ಇಳಿಸಲೋ ಬ್ಯಾಡವೋ, ಇಳಿಸಿದ ಮೇಲೆ ನಿನಗೆ ಬರೀಲೋ ಬ್ಯಾಡವೋ ಅಂತಲೇ ಹೋದ್ವು.

ಸಣ್ಣತಿಮ್ಮಪ್ಪ ಓಡಿಸ್ತಿದ್ದ ಗಾಡೀನ ಎಪ್ಪತ್ತೆರಡು, ಎಪ್ಪತ್ತಮೂರರಲ್ಲಿ ಅವನೂ ಸೇರಿ ಐದು ಜನ ಓಡಿಸಿದಾರೆ. ಒಂದೊಂದು ದಿನದ ಟೈಮೂ ನನ್ನ ಕೈಬರಹದಲ್ಲೇ ಐತೆ. ಐದು ಜನರ ಕೈಯಲ್ಲೂ ಆ ಗಾಡಿ ತಡ ಆಗೈತೆ. ಅಡಿಕೆ ಕೊಯ್ಲಿನ ತಿಂಗಳಲ್ಲಿ ಮೇಲೆ ಮೂಟೆ ಏರಿಸೋದ್ರಿಂದ ಇನ್ನೂ ತಡ. ಸಂತೆ ದಿನ ಇನ್ನೊಂದಿಷ್ಟು. ಎಪ್ಪತ್ತಮೂರರ ಜುಲೈನಲ್ಲಿ ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಕಟ್ಟಿದ್ರು. ಅವತ್ತಿನಿಂದ ಯಾರು ಕೂತ್ರೂ ಗಾಡಿ ಟೈಮಿಗೆ ಸರಿಯಾಗಿ ಬಂದೈತೆ. ಆಗ ಕೂತಿದ್ದ ಹೊಸ ಡ್ರೈವರನಿಗೆ ನಾನೇ ಶಹಬ್ಬಾಸ್ ಹೇಳಿದ್ದೆ. ಅದನ್ನೂ ಬರ್ದಿಟ್ಟೀನಿ.

ಐದು ಜನರಲ್ಲಿ ಎಲ್ಲರಿಗಿಂತ ಕಮ್ಮಿ ತಡ ಮಾಡಿದೋನು ಸಣ್ಣತಿಮ್ಮಪ್ಪ.

ನಾನು ಹಾಳೇಲಿ ಬರ್ದುಕೊಟ್ಟ ಏಳು ದಿನ ಎಪ್ಪತ್ತಮೂರರ ಫೆಬ್ರುವರಿಯವು. ಲಂಬಾಣಿ ಜನರ ಗುರು ಸೇವಾಲಾಲರ ದರ್ಶನಕ್ಕೆ ಅಂತ ಸೂರಗೊಂಡನಕೊಪ್ಪಕ್ಕೆ ಜನ ಬಂದು ಹೋಗೋ ವಾರ ಅದು. ನ್ಯಾಮತಿಯಲ್ಲೇ ಗಾಡಿ ತುಂಬಿ, ಬಾಗಿಲಲ್ಲಿ ಜೋತುಬಿದ್ದು, ತಾಂಡಾ ತಾಂಡಾಕ್ಕೂ ನಿಲ್ಸಿ ಇಳಿಸ್ತಾ ಬರ್ಬೇಕು. ಮಕ್ಕಳುಮರಿ ಇರೋ ಜನ. ನಿಲ್ಸದೆ ಬರೋ ಡ್ರೈವರ್ ಇದ್ರೆ ಅವನನ್ನೇ ಕೆಲಸದಿಂದ ತೆಗೀಬೇಕು.

ವರ್ಷದಾಗೆ ಐವತ್ತೆರಡು ವಾರ ಇದ್ವು. ಆ ವಾರವನ್ನೇ ಯಾಕೆ ಆರಿಸಿದೆ ಅಂತ ನೀನು ಕೇಳಿಲ್ಲ. ಅದರ ಹಿಂದಿನ ವಾರ ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ಅವನು ನನಗೊಂದು ಮಾತು ಅಂದಿದ್ದ. ಮೂಟೆ ಜಾಸ್ತಿ ಆಗೈತೆ, ಇಳಿಸೋ ತನಕ ಗಾಡಿ ತೆಗೆಯಲ್ಲ ಅಂತ ಹಟ ಹಿಡಿದ. ಟೈಮಾತು ತೆಗಿ ಅಂದೆ. "ಟೈಮು ಬರಿಯೋರಿಗೆ ಟೈರಿನ ಕಷ್ಟ ಏನ್ರಿ ಗೊತ್ತು" ಅಂದ. ಜನ ನಕ್ಕರು. ಇಷ್ಟು ಸಾಕು. ಮುಂದಿನದು ನೀನೇ ತಿಳಕೋ.

ನಿಮ್ಮಮ್ಮನಿಗೆ ಎಲ್ಲಾ ಹೇಳಿದೀನಿ.

ಜಯದೇವಪ್ಪ


ಹೈದರಾಬಾದು
೯ ಏಪ್ರಿಲ್ ೧೯೮೪

ಪೂಜ್ಯ ಅಪ್ಪಾಜಿಯವರಿಗೆ,

ನಿಮ್ಮ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಅದು ಬಂದ ದಿನ ಹಾಸ್ಟೆಲ್ಲಿನ ಮಾಳಿಗೆ ಮೇಲೆ ಹೋಗಿ ಇನ್ನೊಂದು ಸಲ ಓದಿದೆ. ನನ್ನ ಮನಸ್ಸಿಗೆ ಬಂದದ್ದು ನೀವು ಮಾಡಿದ್ದಲ್ಲ, ಆಗಸ್ಟಿನಲ್ಲಿ ನಾನು ಬರೆದಿದ್ದ ಆ ವರದಿ. ಅದಕ್ಕೆ ಬೇಕಿದ್ದದ್ದು ಒಂದು ಸಹಿ ಅಷ್ಟೇ. ನನಗೆ ರೇವಣ್ಣನವರ ಮೇಲೆ ಸಿಟ್ಟು ಕೂಡ ಇರಲಿಲ್ಲ.

ಮೊನ್ನೆ ಶನಿವಾರ ಹೊಸ ವರದಿ ಕೊಟ್ಟೆ. ಎಂಟು ತಿಂಗಳಲ್ಲಿ ಇನ್ನೂರ ಹನ್ನೆರಡು ಸಲ ಲೆಕ್ಕ ಓಡಿಸಿದ ವಿವರ. ಚಿತ್ರದವರು ಅದೇ ಪೆಟ್ಟಿಗೆಗೆ ಬಂದ ದಿನ ತಡ, ಅದು ಸರಿಯೇ. ಆದರೆ ಅವರು ಬರದ ದಿನವೂ ಸೆಪ್ಟೆಂಬರಿಗಿಂತ ನವೆಂಬರಿನಲ್ಲಿ ಹತ್ತು ಹದಿನೈದು ನಿಮಿಷ ಹೆಚ್ಚಿಗೆ ಹಿಡಿಯುತ್ತಿತ್ತು. ಒಂದು ವಾರ ನೋಡಿದರೆ ಗೊತ್ತೇ ಆಗೋದಿಲ್ಲ, ತಿಂಗಳುಗಟ್ಟಲೆ ಬರೆದರೆ ಕಾಣುತ್ತೆ. ಪೆಟ್ಟಿಗೆ ತುಂಬುತ್ತಾ ಬಂದ ಹಾಗೆ ಹೊಸ ಅಂಕಿಗಳು ಒಂದೆಡೆ ಕೂರೋಕೆ ಜಾಗ ಸಾಲದೆ ಚೂರುಚೂರಾಗಿ ಅಲ್ಲಲ್ಲಿ ಕೂರ್ತವೆ. ಹುಡುಕಿ ತರೋಕೆ ಹೊತ್ತು ಬೇಕು. ಡಿಸೆಂಬರಿನಲ್ಲಿ ಬೇಡವಾದದ್ದನ್ನು ತೆಗೆದು ಉಳಿದದ್ದನ್ನು ಒಪ್ಪವಾಗಿ ಜೋಡಿಸಿದ ಮೇಲೆ ಮತ್ತೆ ಐವತ್ತು ನಿಮಿಷಕ್ಕೆ ಬಂತು. ಇದರ ನಡುವೆ ಅಕ್ಟೋಬರಿನಲ್ಲಿ ರಿಪೇರಿಯವರು ಒಂದು ಭಾಗ ಸರಿಯಾಗಿ ಕೂರಿಸದೆ ಹೋಗಿ, ಎರಡು ವಾರ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದುವ ಹಾಗಾಗಿತ್ತು.

ಆ ಇನ್ನೂರ ಹನ್ನೆರಡರಲ್ಲಿ ಇನ್ನೂ ಒಂಬತ್ತು ದಿನ ಯಾಕೆ ತಡವಾಯಿತು ಅಂತ ಎಷ್ಟು ನೋಡಿದರೂ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತಲೇ ಬರೆದೆ. ನಿರ್ದೇಶಕರು ಆ ಸಾಲಿಗೆ ಬಂದು ನಿಂತರು. "ಯಾರು ಕಾರಣ ಅಂತ ಒಂದು ಹೆಸರು ಕೇಳಿದೆ. ನೀನು ಮೂರು ಕಾರಣ ಕೊಟ್ಟು, ಮೇಲೊಂದು 'ಗೊತ್ತಿಲ್ಲ' ಇಟ್ಟಿದ್ದೀಯ" ಅಂದರು. ಹೆಸರು ಇಲ್ಲ ಸಾರ್ ಅಂದೆ. ಬಹಳ ಹೊತ್ತು ಪುಟ ತಿರುವಿ, ಚಿತ್ರದವರಿಗೆ ಬೇರೆ ಪೆಟ್ಟಿಗೆ ಕೊಡೋಕೆ ಬರೆದರು. ರೇವಣ್ಣನವರ ಕಡತಕ್ಕೆ ಇವತ್ತು ಸಹಿ ಆಯಿತು. ಮಧ್ಯಾಹ್ನ ಅವರು ತಮ್ಮ ಬುತ್ತಿಯ ಜೋಳದ ರೊಟ್ಟಿ ತಂದು ನನ್ನ ತಟ್ಟೆಗೆ ಹಾಕಿದರು. ನಾನು ಮುರಿದು ತಿಂದೆ.

ಅಪ್ಪಾಜಿ, ಸಣ್ಣತಿಮ್ಮಪ್ಪನವರು ಈಗ ಎಲ್ಲಿದ್ದಾರೆ?

ನಿಮ್ಮ
ಅನ್ನಪೂರ್ಣ


ಚನ್ನಗಿರಿ
೨ ಮೇ ೧೯೮೪

ಚಿ. ಅನ್ನಪೂರ್ಣಳಿಗೆ ಆಶೀರ್ವಾದ.

ಮೊನ್ನೆ ಸೋಮವಾರ ಜಗಳೂರಿಗೆ ಹೋಗಿದ್ದೆ. ಬೆಳಗಿನ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ಡೈರಿಗಳನ್ನ ಚೀಲದಾಗೆ ಹಾಕ್ಕೊಂಡಿದ್ದೆ.

ಸಣ್ಣತಿಮ್ಮಪ್ಪ ಅಲ್ಲೇ ಇದಾನೆ. ಬಸ್ಸಿನ ಕೆಲಸ ಆಮೇಲೆ ಎಲ್ಲೂ ಸಿಕ್ಕಿಲ್ಲ. ಯಾವ ಕಂಪನಿಗೆ ಹೋದ್ರೂ ಚನ್ನಗಿರಿಗೆ ಒಂದು ಮಾತು ಕೇಳಿ ನೋಡ್ತಿದ್ರಂತೆ. ಹೋದ ವರ್ಷದ ತನಕ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸ್ತಿದ್ದ, ಈಗ ಕಣ್ಣು ಮಂಜಾಗೈತೆ.

ಬಾಗಿಲು ತೆಗೆದೋಳು ಅವನ ಹೆಂಡ್ತಿ ಉಚ್ಚಂಗೆಮ್ಮ. ನಾನು ಯಾರು ಅಂತ ಹೇಳಿದೆ. ಒಳಗೆ ಬರ್ರಿ ಅನ್ನಲಿಲ್ಲ. "ಹನ್ನೊಂದು ವರ್ಷ ಜಗಳೂರಿಗೆ ಬರಾಕೆ ಬಸ್ಸು ಸಿಗಲಿಲ್ಲೇನ್ರಿ ನಿಮಗೆ" ಅಂದ್ಲು. ಒಳಗಿನಿಂದ ಅವನೇ, "ಯಾರೇ ಅದು, ಕೂರಾಕೆ ಹೇಳು" ಅಂದ.

ಕಟ್ಟೆ ಮೇಲೆ ಕೂತು ಡೈರಿ ತೆಗೆದು ಓದಿದೆ. ದಿನ, ಡ್ರೈವರನ ಹೆಸರು, ಬಂದ ಟೈಮು. ಅವನು ತಡೀಲಿಲ್ಲ. ಓದಿ ಮುಗಿಸಿ, "ತಪ್ಪು ನಂದು. ಗೊತ್ತಿದ್ದೂ ಮಾಡ್ದೆ" ಅಂದೆ.

"ನನಗೆ ಅವತ್ತೇ ಗೊತ್ತಿತ್ತಲ್ರೀ. ಆ ಗಾಡಿ ಗೇರು ಹೆಂಗೆ ಜಾರ್ತಿತ್ತು ಅಂತ ನನ್ನ ಕಾಲಿಗೆ ಗೊತ್ತಿತ್ತು. ನೀವು ಈಗ ಬಂದು ಹೇಳಿದ್ರೆ ನನಗೇನು ಹೊಸಾದು ಸಿಕ್ತು?" ಅಂದ.

ನಾನು ಡೈರಿ ಮುಚ್ಚಿ ಚೀಲಕ್ಕೆ ಹಾಕಿದೆ.

ಆಗ ಉಚ್ಚಂಗೆಮ್ಮ ಬಾಗಿಲ ಹತ್ರ ನಿಂತೇ ಹೇಳಿದ್ಲು. ಅವರ ಮಗಳು ಗಾದ್ರಮ್ಮನ್ನ ಉಚ್ಚಂಗಿದುರ್ಗದ ಕಡೆ ಕೊಟ್ಟಿದಾರೆ. ನಾನು ಬರ್ದಿದ್ದು ಅಲಕ್ಷ್ಯ ಅಂತ. ಅದು ಊರಿಂದ ಊರಿಗೆ ಹೋಗ್ತಾ ಹೋಗ್ತಾ, ಕುಡಿದು ಗಾಡಿ ಓಡಿಸಿ ಕೆಲಸ ಕಳಕೊಂಡ ಅಂತ ಆಗೈತೆ. ನಾಲ್ಕು ವರ್ಷದ ಹಿಂದೆ ಮೊಮ್ಮಗಳಿಗೆ ಹೆಸರಿಡೋ ದಿನ ಬೀಗರು ಅದನ್ನ ಪಂಕ್ತಿಯಲ್ಲಿ ಅಂದ್ರಂತೆ. ಇವನು ಎಲೆ ಬಿಟ್ಟು ಎದ್ದು ಬಂದ. ಅವತ್ತಿನಿಂದ ಆ ಮನೆಯೋರು ಇಲ್ಲಿಗೆ ಬಂದಿಲ್ಲ, ಮಗಳನ್ನೂ ಕಳಿಸಿಲ್ಲ. ಸಣ್ಣತಿಮ್ಮಪ್ಪ ಜೀವನದಾಗೆ ಕುಡಿದೋನಲ್ಲ.

"ನನಗೆ ನಿಮ್ಮ ಮಾತು ಬ್ಯಾಡ. ಬರ್ದು ಕೊಡ್ರಿ. ನೀವು ಬರ್ದಿದ್ದಕ್ಕೇ ಹೋಗಿದ್ದು, ನೀವು ಬರ್ದಿದ್ದೇ ಬೇಕು" ಅಂದ ಅವನು.

ಅಲ್ಲೇ ಕೂತು ಬರ್ದೆ. ಆ ಏಳು ದಿನ ಏನಾತು, ಐದು ಜನರಲ್ಲಿ ಅವನದೇ ಕಮ್ಮಿ ತಡ, ಅವನು ಕುಡಿದಿದ್ದನ್ನ ಯಾರೂ ಯಾವತ್ತೂ ನೋಡಿಲ್ಲ, ನಾನು ಸಿಟ್ಟಿಗೆ ಸುಳ್ಳು ಷರಾ ಹಾಕಿದೆ ಅಂತ. ಕೆಳಗೆ ಹೆಸರು, ಹುದ್ದೆ, ಸಹಿ. ಎರಡು ಹಾಳೆ ಹರಿದು ಹಾಕಿ ಮೂರನೇದು ಕೊಟ್ಟೆ. ಎದ್ದು ಬರೋವಾಗ ಉಚ್ಚಂಗೆಮ್ಮ ಒಂದು ಚೊಂಬು ನೀರು ತಂದು ಕಟ್ಟೆ ಮೇಲಿಟ್ಟು ಒಳಗೆ ಹೋದ್ಲು.

ಇಲ್ಲಿಗೆ ಬಂದು ಸಾಹುಕಾರ್ರಿಗೂ ಅದರದೇ ಇನ್ನೊಂದು ನಕಲು ಕೊಟ್ಟೆ. "ಹಳೇ ಕಥೆ ಬಿಡ್ರಿ ಜಯದೇವಪ್ಪಾರೆ" ಅಂತ ನಕ್ಕು ಡ್ರಾಯರಿಗೆ ಹಾಕಿದ್ರು. ಅದಕ್ಕೆ ಇವತ್ತು ಬೆಳಿಗ್ಗೆ ಎಲ್ಲಾ ಡ್ರೈವರು ಕಂಡಕ್ಟರು ಸೇರಿದ್ದಾಗ ಸ್ಟ್ಯಾಂಡಿನಲ್ಲಿ ನಿಂತು ಓದಿ ಹೇಳಿದೆ. ಯಾರೂ ನಗಲಿಲ್ಲ.

ಜಯದೇವಪ್ಪ


ಜಗಳೂರು
೧೧ ಜೂನ್ ೧೯೮೪

ಟೈಂಕೀಪರ್ ಜಯದೇವಪ್ಪನವರಿಗೆ ಸಣ್ಣತಿಮ್ಮಪ್ಪ ತಿಳಿಸೋದು.

ನೀವು ಬರ್ದುಕೊಟ್ಟ ಕಾಗದ ತಗೊಂಡು ನಾನೇ ಬೀಗರ ಊರಿಗೆ ಹೋದೆ. ಅವರ ಜಗಲಿ ಮೇಲೆ ಕೂರಲಿಲ್ಲ, ನಿಂತೇ ಕೊಟ್ಟೆ. ಅವರ ಊರಿನ ಮೇಷ್ಟ್ರು ಗಟ್ಟಿಯಾಗಿ ಓದಿದ್ರು. ಬೀಗರು ಇನ್ನೊಂದು ಸಲ ಓದಿಸಿದ್ರು. ಅವರ ಹೆಂಡ್ತಿ ಒಳಗೆ ಹೋಗಿ ಎಲೆ ಹಾಕಿದ್ರು. ಉಂಡು ಬಂದೆ.

ನಿಮ್ಮನ್ನ ಕ್ಷಮಿಸೀನಿ ಅಂತ ಬರೀಲೇನಪ್ಪ ಅಂತ ಈಗ ಇದನ್ನ ಬರಿಯೋರು ಕೇಳಿದ್ರು. ಬ್ಯಾಡ, ನನಗೆ ಇನ್ನೂ ಹಂಗೆ ಅನ್ಸಿಲ್ಲ, ಅನ್ಸಿದ ದಿನ ಬರ್ಸ್ತೀನಿ ಅಂದೆ. ಸುಳ್ಳು ಬರೆಯೋದು ಬ್ಯಾಡ. ಆದ್ರೆ ನೀವು ಬಂದಿದ್ದು ಒಳ್ಳೇದಾತು. ಈ ವಯಸ್ಸಿನಾಗೆ ಎರಡು ಬಸ್ಸು ಹತ್ತಿ ಬಂದು ಕಟ್ಟೆ ಮೇಲೆ ಕೂತು ಅದನ್ನ ಓದೋದು ಸುಲಭ ಅಲ್ಲ, ಅದು ನನಗೆ ತಿಳೀತೈತೆ.

ಇಲ್ಲಿ ಹದವಾಗಿ ಮಳೆ ಆತು. ಮೊಮ್ಮಗಳು ನನ್ನ ಮುಖ ನೋಡಿ ಮೊದಲು ಅತ್ಲು, ಈಗ ಹೆಗಲ ಮೇಲಿಂದ ಇಳಿಯಾದಿಲ್ಲ. ಕಣ್ಣು ಮಂಜಾದ್ರೂ ಅವಳ ಮೂಗು ನಮ್ಮವ್ವಂದೇ ಅಂತ ಕಾಣ್ತದೆ.

ಇಷ್ಟೇ ವಿಷಯ.

ಸಣ್ಣತಿಮ್ಮಪ್ಪನ ಹೆಬ್ಬೆಟ್ಟು

ಅವರು ಹೇಳಿದಂತೆ ಬರೆದವಳು,
ಮಗಳು ಗಾದ್ರಮ್ಮ, ತವರುಮನೆಯಿಂದ